ಚಿತ್ರೋತ್ಸವವೂ ಒಂದು ‘ಅಂತೆ’ಯೂ

ಮೊನ್ನೆ ಸೋಮವಾರ, ಅಲ್ಲ, ಮಂಗಳವಾರ (ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ, ಅದೇ ದಿನ), ನಿಘಂಟಿನ ಮೂರನೆಯ ಸಂಪುಟವನ್ನು ಕಪಾಟಿನಿಂದ ಇಳಿಸುವಾಗ ಅದರೊಳಗಿಂದ ನಾಲ್ಕು ಮಡಿಕೆಯ ಒಂದು ಚೀಟಿ ಜಾರಿ ಬಿತ್ತು. ಶಾಲೆಯ ನೋಟ್ ಪುಸ್ತಕದಿಂದ ಹರಿದ ಅರ್ಧ ಹಾಳೆ. ನೀಲಿ ಶಾಯಿ, ದುಂಡನೆಯ ಅಕ್ಷರ. ಒಟ್ಟು ನಾಲ್ಕು ವಾಕ್ಯ:

“ಸಾರ್, ಬೀಗದ ಕೈ ಚಪ್ಪಲಿ ಗೂಡಿನ ಮೇಲಿದೆ. ಮೇಲಿನ ಟ್ಯಾಂಕು ತುಂಬಿಸಿದ್ದೇವೆ. ನಿಮ್ಮ ಅಕ್ಕನವರಿಗೆ ಹುಷಾರಿಲ್ಲವಂತೆ. ಬೇಗ ವಾಸಿಯಾಗಲಿ.”

ಮೂರನೆಯ ವಾಕ್ಯದ ಕೊನೆಯ ಎರಡಕ್ಷರದ ಕೆಳಗೆ ಕೆಂಪು ಪೆನ್ಸಿಲಿನ ಜೋಡಿ ಗೆರೆ. ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ. ಗೆರೆಯೂ ನನ್ನದು, ಚಿಹ್ನೆಯೂ ನನ್ನದು. ಚೀಟಿಗೆ ದಿನಾಂಕವಿಲ್ಲ. ಅಂಗಡಿಯವನು ಕೊಟ್ಟ ರಸೀದಿಯ ಬೆನ್ನಿಗೂ ತಾರೀಖು ಬರೆದಿಡುವ ನನ್ನ ಮನೆಯಲ್ಲಿ ದಿನಾಂಕವಿಲ್ಲದ ಕಾಗದ ಬಹುಶಃ ಇದೊಂದೇ. ನೋಡಲು ಹೊರಟಿದ್ದ ಪದ ಯಾವುದೆಂದು ಮರೆತೇಹೋಯಿತು. ಸಂಪುಟವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅದರ ಭಾರಕ್ಕೆ ಕಾಲು ಜೋಮು ಹಿಡಿಯುವವರೆಗೂ ಏಳಲಿಲ್ಲ.

ಈ ‘ಅಂತೆ’ ಎಂಬುದು ನಮ್ಮ ಭಾಷೆಯ ಒಂದು ಸೊಗಸು. ‘ಮಳೆ ಬಂತು’ ಎಂದರೆ ನಾನು ನೆನೆದಿದ್ದೇನೆ, ಕಡೆಗೆ ಕಿಟಕಿಯಿಂದಾದರೂ ನೋಡಿದ್ದೇನೆ. ‘ಮಳೆ ಬಂತಂತೆ’ ಎಂದರೆ ನೆನೆದವನು ಬೇರೆ ಯಾರೋ. ನಾನು ಸುದ್ದಿ ತಂದವನು ಮಾತ್ರ. ನಾಳೆ ಆ ಮಳೆ ಸುಳ್ಳೆಂದು ತಿಳಿದರೆ ಯಾರೂ ನನ್ನ ಮೇಲೆ ಬೀಳುವಂತಿಲ್ಲ. ಎರಡೇ ಅಕ್ಷರದಲ್ಲಿ ಮನುಷ್ಯ ತನ್ನ ತಿಳಿವಳಿಕೆಯ ಎಲ್ಲೆಯನ್ನು ಇಷ್ಟು ಅಚ್ಚುಕಟ್ಟಾಗಿ ಗುರುತು ಹಾಕಬಹುದು. ಇಂಥ ಎರಡಕ್ಷರವನ್ನು ನಾನು ಚಿಕ್ಕಂದಿನಲ್ಲಿ ಒಮ್ಮೆ ದಾರಿಯಲ್ಲಿ ಬೀಳಿಸಿಕೊಂಡು ಪೆಟ್ಟು ತಿಂದಿದ್ದೇನೆ.

ನಮ್ಮೂರು ಗುಬ್ಬಿ ತಾಲ್ಲೂಕಿನ ಹಾಗಲವಾಡಿ. ಅಲ್ಲಿ ‘ಅಂತೆ’ಗೆ ಎಂದೂ ಬರವಿರಲಿಲ್ಲ. ಪಾಳೇಗಾರರು ಹೂತಿಟ್ಟ ಹೊನ್ನು ನಮ್ಮ ರಾಗಿ ಕಣದ ಅಡಿಯಲ್ಲೇ ಇದೆಯಂತೆ. ಅದನ್ನು ಕಾಯುವ ಸರ್ಪಕ್ಕೆ ಮೀಸೆ ಇದೆಯಂತೆ. ಅಜ್ಜಿ ಹುರುಳಿ ಆರಿಸುತ್ತ ಆ ಮೀಸೆಯನ್ನು ವರ್ಣಿಸುವಾಗ ನನ್ನ ಮೂಗಿನ ಕೆಳಗೂ ಏನೋ ಹರಿದಾಡಿದಂತಾಗುತ್ತಿತ್ತು. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಕಮಲಕ್ಕನಂತೂ ಈ ಸುದ್ದಿಗಳ ಮುಖ್ಯ ಸರಬರಾಜುದಾರಳು. ಒಂದು ಬೆಳಿಗ್ಗೆ ಅವಳು ಮೊಸರನ್ನದ ಕೈಯಲ್ಲೇ ನನ್ನ ಕಿವಿ ಹಿಡಿದು, “ತೋಟದ ಬಾವಿ ಹತ್ರ ಚಿರತೆ ಬಂದದಂತೆ ಕಣ್ಲಾ” ಎಂದಳು. ನಾನು ಶಾಲೆಗೆ ಓಡಿದೆ. ಬಾಗಿಲಲ್ಲಿ ನಿಂತು, “ಸಾ, ತೋಟದ ಬಾವಿ ಹತ್ರ ಚಿರತೆ ಬಂದದೆ!” ಎಂದು ಕೂಗಿದೆ. ಎರಡನೇ ತರಗತಿಯವರು ಒಬ್ಬರ ಮೇಲೊಬ್ಬರು ಬಿದ್ದು ಅಳತೊಡಗಿದರು. ಈರಣ್ಣ ಮೇಷ್ಟ್ರು ಬಾಗಿಲ ಅಗುಳಿ ಹಾಕಿ ಮೇಜಿನ ಮೇಲೆ ಹತ್ತಿ ನಿಂತರು. ಮಧ್ಯಾಹ್ನದ ಹೊತ್ತಿಗೆ ಆ ಚಿರತೆ ತಾಯಿಯನ್ನು ಹುಡುಕಿಕೊಂಡು ಬಂದ ಕಂದು ಬಣ್ಣದ ಕರುವೆಂದು ತಿಳಿಯಿತು.

ಮರುದಿನ ಮೇಷ್ಟ್ರು ನನ್ನನ್ನು ಎದ್ದು ನಿಲ್ಲಿಸಿದರು.

“ನೀನು ಕಣ್ಣಾರೆ ನೋಡಿದ್ಯೇನೋ?”

“ಇಲ್ಲ ಸಾ. ಅಕ್ಕ ಅಂದ್ಲು, ಬಂದದಂತೆ ಅಂತ.”

“ಮತ್ತೆ ನೀನು ಬಂದದೆ ಅಂದ್ಯಲ್ಲೋ. ಅಂತೆ ಎಲ್ಲೋ ಹೋಯ್ತು?”

“ಓಡಿ ಬರೋವಾಗ ಬಿದ್ದೋಯ್ತು ಸಾ.”

ಇಡೀ ತರಗತಿ ನಕ್ಕಿತು. ಮೇಷ್ಟ್ರಿಗೂ ನಗು ಬಂತು, ಆದರೂ ಎರಡು ಪೆಟ್ಟು ಕೊಟ್ಟರು. ಆಮೇಲೆ ಸ್ಲೇಟಿನ ಎರಡೂ ಬದಿಗೆ ‘ಅಂತೆ’ ಎಂದು ತುಂಬಿಸಿಕೊಂಡು ಬರಲು ಹೇಳಿದರು. ನಾನು ಸಂಶೋಧಕನಾದದ್ದು ಆ ದಿನ ಎಂದು ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಶಾಸನ, ಕಡತ, ಕೈಬರಹಗಳ ನಡುವೆ ಕಳೆದ ಬದುಕಿನಲ್ಲಿ ಒಂದು ತಾರೀಖನ್ನೂ ಮೂರು ಕಡೆ ತಾಳೆ ನೋಡದೆ ಬರೆದವನಲ್ಲ. ವಿದ್ಯಾರ್ಥಿಗಳ ಬರಹದಲ್ಲಿ ಸಾಕ್ಷ್ಯವಿಲ್ಲದೆ ಏನಾದರೂ ‘ನಡೆಯಿತು’ ಎಂದಿದ್ದರೆ ಕೆಂಪು ಪೆನ್ಸಿಲಿನಿಂದ ಅದನ್ನು ‘ನಡೆಯಿತಂತೆ’ ಎಂದು ತಿದ್ದಿ ಅವಮಾನಿಸುತ್ತಿದ್ದೆ. ಬೆನ್ನ ಹಿಂದೆ ನನ್ನನ್ನು ‘ಅಂತೆ ಸಾರ್’ ಎಂದು ಕರೆಯುತ್ತಿದ್ದರು. ಇದಕ್ಕೆ ಅಂತೆ ಬೇಡ. ನನ್ನ ಕಿವಿಯಾರೆ ಕೇಳಿದ್ದೇನೆ.

ಇನ್ನು ಚೀಟಿಯ ಸಂಗತಿ. ಅದು ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲೊಂದು. ಯಾವ ವರ್ಷವೆಂದು ನನಗೆ ಗೊತ್ತಿದೆ; ದಿನಚರಿ, ಮನೆ ಕಂದಾಯದ ರಸೀದಿ, ಗೀಸರಿನ ಗ್ಯಾರಂಟಿ ಕಾರ್ಡು ಮೂರನ್ನೂ ಹೋಲಿಸಿ ನೋಡಿದ್ದೇನೆ. ಆದರೆ ಇಲ್ಲಿ ಬರೆಯುವುದಿಲ್ಲ. ಬರೆದರೆ ತುಮಕೂರಿನ ನಮ್ಮ ಬಟವಾಡಿ ಬಡಾವಣೆಯವರು ಯಾರ ಮನೆ, ಯಾವ ಮಹಡಿ ಎಂದು ಬೆರಳು ಮಡಿಸಿ ಹೇಳಿಬಿಡುತ್ತಾರೆ. ವಯಸ್ಸಾದ ಮೇಲೆ ಮನುಷ್ಯನಿಗೆ ಸತ್ಯದ ಮೇಲೆ ಎಷ್ಟು ಪ್ರೀತಿಯೋ ತನ್ನ ಬೀದಿಯ ಮರ್ಯಾದೆಯ ಮೇಲೂ ಅಷ್ಟೇ ಪ್ರೀತಿ ಇರುತ್ತದೆ ಎಂಬುದನ್ನು ಓದುಗರು ಮನ್ನಿಸಬೇಕು.

ನಮ್ಮ ಮೇಲಿನ ಮನೆಯಲ್ಲಿ ಆಗ ಸಿದ್ಧಗಂಗಮ್ಮ ಎಂಬ ನರ್ಸ್ ಬಾಡಿಗೆಗಿದ್ದರು. ಹೆದ್ದಾರಿಯ ಕಡೆಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕೆಲಸ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಕವಿತಾ ಆ ವರ್ಷ ಹತ್ತನೆಯ ತರಗತಿ. ಬೀದಿಯವರೆಲ್ಲ ಆಕೆಯನ್ನು ‘ಸಿಸ್ಟರ್’ ಎನ್ನುತ್ತಿದ್ದರು, ನಾವೂ ಹಾಗೆಯೇ ಎನ್ನುತ್ತಿದ್ದೆವು. ನನ್ನ ಹೆಂಡತಿಗೆ ಜ್ವರ ಬಂದಾಗ ಇಂಜೆಕ್ಷನ್ ಕೊಟ್ಟು, “ಅಮ್ಮಾರೇ, ಎರಡ್ ದಿನ ಒಲೆ ಮುಂದೆ ನಿಂತ್ಕೋಬೇಡಿ, ಸಾರ್ ಅನ್ನ ಬಸಿಯೋದು ಕಲೀಲಿ” ಎಂದು ನಗಿಸಿ ಹೋಗುತ್ತಿದ್ದ ಹೆಂಗಸು.

ಸಂಜೆ ಕವಿತಾ ಚರಿತ್ರೆಯ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನಾನು ಕೆಳಗಿನ ಕುರ್ಚಿಯಿಂದ ಇಸವಿಗಳನ್ನು ಕೇಳುತ್ತಿದ್ದೆ. ಹುಡುಗಿ ಚುರುಕು. ಒಂದು ಸಂಜೆ ನನ್ನನ್ನೇ ಕೇಳಿದಳು:

“ಸಾರ್, ಈ ಯುದ್ಧ ನೀವು ನೋಡಿದ್ರಾ?”

“ನನಗೆ ಅಷ್ಟು ವಯಸ್ಸಾಗಿದ್ಯೇನೇ?”

“ಅಲ್ಲ, ಪುಸ್ತಕ ಬರೆದೋರೂ ನೋಡಿಲ್ಲ. ಹಂಗಾದ್ರೆ ‘ಯುದ್ಧ ನಡೆಯಿತಂತೆ’ ಅಂತ ಬರೀಬೇಕಲ್ವಾ?”

ಸಂತೋಷದಿಂದ ಎರಡು ಕಂತಿನ ಉಪನ್ಯಾಸವನ್ನೇ ಕೊಟ್ಟೆ. ಅದರ ಸಾರ ನನಗಿನ್ನೂ ನೆನಪಿದೆ, ಏಕೆಂದರೆ ಅದೇ ಮಾತನ್ನು ನಾನು ಎಲ್ಲ ಕಡೆಯೂ ಹೇಳುತ್ತಿದ್ದೆ: “ನೋಡಮ್ಮ, ಅಂತೆ ಅನ್ನೋದು ಅನುಮಾನವಲ್ಲ. ನಾವು ಕಾಣದ್ದನ್ನ ಇದೆ ಅನ್ನಬಾರದು, ಇಲ್ಲ ಅಂತಲೂ ಅನ್ನಬಾರದು. ಸಾಕ್ಷಿ ಸಿಗೋವರೆಗೆ ಅಂತೆ ಅನ್ನಬೇಕು. ಅದು ನ್ಯಾಯ, ಅದೇ ಸಭ್ಯತೆ.” ಕವಿತಾ ಪುಸ್ತಕದ ರಟ್ಟಿನ ಒಳಗೆ ಅದನ್ನು ಬರೆದುಕೊಂಡಳು. ತನ್ನ ಮಾತನ್ನು ಮಕ್ಕಳು ಬರೆದುಕೊಳ್ಳುವುದನ್ನು ಕಂಡ ಯಾವ ಮನುಷ್ಯನಾದರೂ ಆ ರಾತ್ರಿ ಒಂದು ಮುದ್ದೆ ಹೆಚ್ಚು ಉಣ್ಣುತ್ತಾನೆ.

ಆ ವರ್ಷದ ದೀಪಾವಳಿಯ ಹೊತ್ತಿಗೆ ತುಮಕೂರಿಗೆ ಸುದ್ದಿ ಬಂತು: ದೇಶವಿದೇಶಗಳ ಚಿತ್ರಗಳ ದೊಡ್ಡ ಉತ್ಸವವೊಂದು ಬರುವ ಜನವರಿಯಲ್ಲಿ ನಮ್ಮೂರಿನಲ್ಲೇ ನಡೆಯುತ್ತದಂತೆ. ನಟರು, ನಿರ್ದೇಶಕರು, ವಿದೇಶದವರು ವಾರವಿಡೀ ಇಲ್ಲೇ ಇರುತ್ತಾರಂತೆ. ಹೋಟೆಲುಗಳು ಸಾಲುವುದಿಲ್ಲವಂತೆ. ಆದ್ದರಿಂದ ದೊಡ್ಡ ಮನೆಗಳನ್ನೇ ಬಾಡಿಗೆಗೆ ಹಿಡಿಯುತ್ತಾರಂತೆ. ಒಂದೇ ಉಸಿರಿನಲ್ಲಿ ನಾಲ್ಕು ‘ಅಂತೆ’. ನನ್ನ ಕೆಂಪು ಪೆನ್ಸಿಲು ಆಗ ಎಲ್ಲಿ ಮಲಗಿತ್ತೋ ತಿಳಿಯದು.

ಒಂದು ಊರಿನ ಬಂಗಲೆಗಳ ಮಾರುಕಟ್ಟೆಯನ್ನು ಚಿತ್ರೋತ್ಸವ ಹೇಗೆ ಕುಣಿಸುತ್ತದೆ ಎಂಬುದಕ್ಕೆ ಯಾವ ಪಂಡಿತನ ಬಳಿಗೂ ಹೋಗಬೇಕಾಗಿಲ್ಲ. ಗೇಟಿಗೆ ತೂಗುಹಾಕಿದ ತಗಡಿನ ಹಲಗೆಗಳನ್ನು ಓದಿದರೆ ಸಾಕು. ಮೊದಲ ಹಂತದಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆಗಳು ಒಂದೊಂದಾಗಿ ಕಾಣೆಯಾದವು, ಮನೆಗಳು ಮಾತ್ರ ಖಾಲಿಯೇ ಇದ್ದವು. ಜನವರಿಯವರೆಗೆ ಯಾರಿಗೂ ಕೊಡದೆ ಕಾಯುವುದು ಜಾಣತನವೆಂದು ಎಲ್ಲರೂ ಒಟ್ಟಿಗೆ ತೀರ್ಮಾನಿಸಿದ್ದರು. ಎಲ್ಲರೂ ಬೀಗ ಹಾಕಿ ಕಾದದ್ದರಿಂದ ಊರಿನಲ್ಲಿ ಮನೆಯೇ ಸಿಗದಂತಾಯಿತು; ಮನೆ ಸಿಗುತ್ತಿಲ್ಲವೆಂಬುದನ್ನು ನೋಡಿ ಬೇಡಿಕೆ ಶುರುವಾಯಿತೆಂದು ಎಲ್ಲರೂ ನಂಬಿದರು. ಡೂಪ್ಲೆಕ್ಸ್ ಎಂಬ ಪದ ತರಕಾರಿ ಗಾಡಿಯವನ ಬಾಯಲ್ಲೂ ಬಂತು. ಗುಬ್ಬಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಅಕ್ಕಪಕ್ಕದ ಎರಡು ಡೂಪ್ಲೆಕ್ಸುಗಳನ್ನು ಒಟ್ಟಿಗೆ ಕೊಂಡು, ‘ಒಂದರಲ್ಲಿ ಹೀರೋ, ಇನ್ನೊಂದರಲ್ಲಿ ಹೀರೋಯಿನ್ನು’ ಎಂದು ಹಂಚಿಕೆಯನ್ನೂ ಮಾಡಿದ್ದರು.

ನಮ್ಮ ಎದುರು ಮನೆಯ ನಿವೃತ್ತ ಎಂಜಿನಿಯರ್ ಪರಮಶಿವಯ್ಯನವರು ತಮ್ಮ ಬಂಗಲೆಗೆ ಬೆಂಗಳೂರಿನಿಂದ ಸ್ನಾನದ ತೊಟ್ಟಿಯನ್ನು ತರಿಸಿದರು. ಬಿಳಿಯ ಪಿಂಗಾಣಿಯದು, ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು. ಅದನ್ನು ಲಾರಿಯಿಂದ ಇಳಿಸುವಾಗ ಬೀದಿಯೆಲ್ಲ ನೆರೆದಿತ್ತು.

“ಇದು ತುಂಬೋಕೆ ಎಷ್ಟು ಕೊಡ ಬೇಕು ಸ್ವಾಮಿ?” ಎಂದು ನಾನು ಕೇಳಿದೆ. ನಮ್ಮ ಬೀದಿಗೆ ಆಗ ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುತ್ತಿತ್ತು.

“ಅವ್ರು ದಿನಾ ಸ್ನಾನ ಮಾಡಲ್ಲ ಬಿಡಿ, ಫಾರಿನ್ನೋರು” ಎಂದರು ಪರಮಶಿವಯ್ಯ.

ಬ್ರೋಕರ್ ರುದ್ರೇಶಿ ನಮ್ಮ ಮನೆಗೆ ಬಂದದ್ದು ಒಂದು ಗುರುವಾರ; ದಿನಚರಿಯಲ್ಲಿ ‘ರು. ಬಂದಿದ್ದರು, ಮೇಲಿನ ಮನೆ’ ಎಂದಷ್ಟೇ ಇದೆ. ಮೊಪೆಡ್ಡನ್ನು ಗೇಟಿಗೆ ಒರಗಿಸಿ, ಒಳಗೆ ಬಂದು, ನನ್ನ ಕಪಾಟುಗಳನ್ನು ಒಮ್ಮೆ ನಿಧಾನವಾಗಿ ನೋಡಿದ.

“ಸಾರ್, ಬಂಗಾಳದ ಒಬ್ಬ ಡೈರೆಕ್ಟ್ರು ಬರ್ತಾ ಅವ್ರಂತೆ. ಬರೀ ಚರಿತ್ರೆ ಪಿಚ್ಚರ್ ತೆಗ್ಯೋರಂತೆ. ಅವ್ರು ಬಂಗ್ಲೆ ಗಿಂಗ್ಲೆ ಬೇಡ, ಕೆಳಗಡೆ ಪುಸ್ತಕ ಇರೋ ಮನೆ, ಮಾತಾಡೋಕೆ ಒಬ್ರು ವಿದ್ವಾಂಸ್ರು ಬೇಕು ಅಂದವ್ರಂತೆ. ಇಡೀ ತುಮ್ಕೂರಲ್ಲಿ ಅಂಥ ಮನೆ ಇನ್ಯಾವ್ದದೆ ಹೇಳಿ?”

ಒಂದು ವಾರದ ಬಾಡಿಗೆಯನ್ನೂ ಅವನು ಹೇಳಿದ. ಅದು ಸಿಸ್ಟರ್ ಒಂದು ವರ್ಷಕ್ಕೆ ಕೊಡುವುದಕ್ಕಿಂತ ಹೆಚ್ಚಿತ್ತು. ಆದರೆ ನಾನು ಹಣಕ್ಕೆ ಬಿದ್ದೆ ಎಂದರೆ ನನ್ನ ತಪ್ಪನ್ನು ಹಗುರ ಮಾಡಿದ ಹಾಗಾಗುತ್ತದೆ. ನಾನು ಬಿದ್ದದ್ದು ‘ವಿದ್ವಾಂಸ್ರು’ ಎಂಬ ಮಾತಿಗೆ. ಆ ಸಂಜೆಯೇ ಕುಳಿತು, ಚಾರಿತ್ರಿಕ ಚಿತ್ರಗಳಲ್ಲಿ ನಾನು ಕಂಡ ಕಾಲದೋಷಗಳ ಪಟ್ಟಿ ಮಾಡತೊಡಗಿದೆ. ಮೆಣಸಿನಕಾಯಿ ಈ ನಾಡಿಗೆ ಬರುವ ಮೊದಲೇ ರಾಜನ ಅಡುಗೆಮನೆಯಲ್ಲಿ ಅದನ್ನು ಒಣಗಹಾಕಿದ್ದು, ಸೇನಾಪತಿಯ ಮಣಿಕಟ್ಟಿನಲ್ಲಿ ಗಡಿಯಾರದ ಬಿಳಿ ಗುರುತು, ಹೀಗೆ. ಬಂಗಾಳದ ನಿರ್ದೇಶಕರು ನನ್ನ ಜಗಲಿಯಲ್ಲಿ ಕುಳಿತು ಈ ಪಟ್ಟಿಯನ್ನು ಕೇಳಿ ತಲೆದೂಗುವ ಚಿತ್ರ ನನ್ನ ಕಣ್ಣ ಮುಂದೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಅವರ ಕನ್ನಡಕದ ಚೌಕಟ್ಟಿನ ಬಣ್ಣವನ್ನೂ ನಾನು ನಿಮಗೆ ಹೇಳಬಲ್ಲೆ.

ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಮಾರ್ಚಲ್ಲಿ ಹುಡುಗಿ ಪರೀಕ್ಷೆ.”

“ಒಂದು ವಾರದ ಮಾತು.”

“ಒಂದು ವಾರಕ್ಕೆ ಎಲ್ಲಿಗೆ ಹೋಗ್ತಾರೆ? ಖಾಲಿ ಮಾಡಿ ಅಂದ್ರೆ ಖಾಲಿ ಮಾಡಿದ ಹಾಗೇ. ಹೇಳೋದಾದ್ರೆ ನೀವೇ ಹೇಳ್ಕೊಳಿ, ನನ್ನ ಕೈಲಾಗಲ್ಲ.”

ಎರಡು ದಿನ ಮಾತುಗಳನ್ನು ಜೋಡಿಸಿದೆ. ಸಿನಿಮಾದವರಿಗಾಗಿ ನೀವು ಹೊರಡಿ ಎನ್ನುವುದು ನನ್ನ ಘನತೆಗೆ ಒಪ್ಪಲಿಲ್ಲ. ನನಗೆ ಬೇಕಾಗಿದ್ದುದು ಕೇಳಿದ ಕೂಡಲೇ ಎದುರಿನವರು ಮರುಮಾತಿಲ್ಲದೆ ಒಪ್ಪುವ, ಒಪ್ಪಿ ನನ್ನ ಮೇಲೆ ಕನಿಕರವನ್ನೂ ಪಡುವ ಒಂದು ಕಾರಣ. ಕಮಲಕ್ಕ ಕುಣಿಗಲ್ಲಿಗೆ ಮದುವೆಯಾಗಿ ಹೋಗಿ ಮೊಮ್ಮಕ್ಕಳನ್ನು ಕಂಡವಳು. ಕೆರೆ ಏರಿಯ ಮೇಲೆ ದಿನವೂ ಎರಡು ಸುತ್ತು ನಡೆದು, ಅಷ್ಟು ಸಾಲದೆಂದು ಕುದುರೆ ಫಾರಮ್ಮಿನ ಬೇಲಿಯವರೆಗೂ ಹೋಗಿ, “ಆ ಕುದ್ರೆಗಳಿಗೂ ನನ್ನಷ್ಟು ಉಸಿರಿಲ್ಲ” ಎಂದು ಬರುವವಳು. ಅವಳನ್ನೇ ಕಾಯಿಲೆ ಬೀಳಿಸಿದೆ.

ಭಾನುವಾರ ಬೆಳಿಗ್ಗೆ ಸಿಸ್ಟರ್ ಬಟ್ಟೆ ಒಣಗಹಾಕಿ ಇಳಿಯುತ್ತಿದ್ದರು. ಕರೆದೆ.

“ಸಿಸ್ಟರ್, ಒಂದು ಕಷ್ಟದ ವಿಷಯ. ನಮ್ಮ ಅಕ್ಕ, ಕುಣಿಗಲ್ಲಿನಲ್ಲಿರೋರು, ಅವರಿಗೆ ಹುಷಾರಿಲ್ಲ. ಇಲ್ಲೇ ತಂದಿಟ್ಟುಕೊಂಡು ತೋರಿಸಬೇಕು. ಮೇಲಿನ ಮನೆ ಬೇಕಾಗುತ್ತೆ.”

ಆಕೆಯ ಮುಖ ತಕ್ಷಣ ನರ್ಸಿನ ಮುಖವಾಯಿತು. “ಅಯ್ಯೋ, ಏನಾಗಿದೆ ಸಾರ್?”

ಇದನ್ನು ನಾನು ಯೋಚಿಸಿರಲಿಲ್ಲ. “ಮಂಡಿ” ಎಂದೆ. “ಮಂಡಿ ಪೂರ್ತಿ ಹೋಗಿದೆ.”

“ಮಂಡಿ ನೋವಿರೋರು ದಿನಾ ಇಷ್ಟು ಮೆಟ್ಲು ಹೆಂಗ್ ಹತ್ತುತಾರೆ ಸಾರ್?”

ಮೂವತ್ತು ವರ್ಷ ಬೇರೆಯವರ ಬರಹದಲ್ಲಿ ಪೂರ್ವಾಪರ ವಿರೋಧವನ್ನು ಹುಡುಕಿದ ನಾನು ನನ್ನದೇ ಮೂರು ಸಾಲಿನ ಪಠ್ಯದಲ್ಲಿ ಅದನ್ನು ಕಂಡಿರಲಿಲ್ಲ. “ಅಂದರೆ ಮಂಡಿಯೂ ಇದೆ. ಮುಖ್ಯವಾಗಿ ಪಿತ್ತಕೋಶ” ಎಂದೆ. ಒಂದೇ ಕಾಯಿಲೆಗೆ ಒಂದೇ ನಿಮಿಷದಲ್ಲಿ ಪಾಠಾಂತರ. “ಯಾವ ಡಾಕ್ಟ್ರಿಗೆ ತೋರಿಸ್ತೀರಿ?” ಎಂದರು. “ಇನ್ನೂ ವಿಚಾರಿಸಬೇಕು” ಎಂದೆ. ಸಿಸ್ಟರ್ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಕೈಯಲ್ಲಿದ್ದ ಬಟ್ಟೆ ಕ್ಲಿಪ್ಪುಗಳನ್ನು ಸೆರಗಿನ ತುದಿಗೆ ಒಂದೊಂದಾಗಿ ಸಿಕ್ಕಿಸುತ್ತ, “ಆಯ್ತು ಸಾರ್. ಕಾಯ್ಲೆ ಅಂದ್ಮೇಲೆ ಏನ್ ಮಾಡೋಕಾಯ್ತದೆ. ಎಲ್ಲಾದ್ರೂ ನೋಡ್ಕೋತೀವಿ” ಎಂದರು. ಮಗಳ ಪರೀಕ್ಷೆಯ ಮಾತನ್ನು ಆಕೆ ಎತ್ತಲೇ ಇಲ್ಲ. ಎತ್ತಿದರೆ ಕೊಡಲೆಂದು ನಾನೊಂದು ಉತ್ತರವನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ; ಅದು ಇಂದಿಗೂ ಬಳಕೆಯಾಗದೆ ನನ್ನಲ್ಲೇ ಉಳಿದಿದೆ.

ಎಲ್ಲರೂ ಮನೆಗಳಿಗೆ ಬೀಗ ಹಾಕಿ ಕುಳಿತಿದ್ದ ಕಾಲ. ಅವರಿಗೆ ಸಿಕ್ಕಿದ್ದು ಹೆದ್ದಾರಿಯ ಬದಿಗೆ ಪಂಕ್ಚರ್ ಅಂಗಡಿಯ ಹಿಂದಿನ ಒಂದೂವರೆ ಕೋಣೆ. ಲಾರಿಗಳು ಹಾರನ್ ಹೊಡೆದರೆ ಗೋಡೆಯ ಕನ್ನಡಿ ನಡುಗುತ್ತಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ, ನಾನು ಗ್ರಂಥಾಲಯಕ್ಕೆ ಹೋಗಿದ್ದಾಗ (ಬೇಕೆಂದೇ ಹೋಗಿದ್ದೆ), ಸಾಮಾನು ಸಾಗಿಸಿದರು. ಹಿಂದಿರುಗಿದಾಗ ಚಪ್ಪಲಿ ಗೂಡಿನ ಮೇಲೆ ಬೀಗದ ಕೈ, ಅದರ ಕೆಳಗೆ ಕವಿತಾಳ ಅಕ್ಷರದಲ್ಲಿ ಈ ಚೀಟಿ. ನೀರು ಬರುವ ದಿನವಾಗಿರಲಿಲ್ಲ. ಕೆಳಗಿನ ತೊಟ್ಟಿಯಿಂದ ಹೊತ್ತು ತುಂಬಿಸಿದ್ದಾರೆ, ಕಾಯಿಲೆಯವರಿಗೆ ಬೇಕಾಗುತ್ತದೆಂದು.

ನಾನು ಓದಿದೆ. ಓದಿ, ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು, ‘ಅಂತೆ’ಯ ಕೆಳಗೆ ಎರಡು ಗೆರೆ ಎಳೆದೆ. ಈ ಸುದ್ದಿಯನ್ನು ಹೇಳಿದವನು ನಾನೇ. ನನಗೇ ಅದನ್ನು ಯಾರೋ ಹೇಳಿದಂತೆ ‘ಹುಷಾರಿಲ್ಲವಂತೆ’ ಎಂದು ಬರೆಯುವುದು ಪ್ರಯೋಗ ದೋಷ. ಇಷ್ಟು ಕಲಿಸಿದರೂ ಹುಡುಗಿ ಎಡವಿದಳಲ್ಲ, ಸಿಕ್ಕಾಗ ತಿದ್ದಬೇಕು ಎಂದುಕೊಂಡು ನಿಘಂಟಿನೊಳಗೆ ಇಟ್ಟೆ. ಆಣೆ ಮಾಡಿ ಹೇಳುತ್ತೇನೆ, ಆ ಹೊತ್ತು ನನಗೆ ಬಂದ ಯೋಚನೆ ಅದೊಂದೇ.

ಮೇಲಿನ ಮನೆಗೆ ಸುಣ್ಣ ಬಳಿಸಿದೆ, ಗೀಸರ್ ಹಾಕಿಸಿದೆ. ಜನವರಿ ಬಂತು, ಉತ್ಸವವೂ ಬಂತು. ಬಣ್ಣದ ದೀಪಗಳು, ಸ್ವಾಗತ ಕಮಾನುಗಳು ಎಲ್ಲವೂ ಬಂದವು. ಅತಿಥಿಗಳೂ ಬಂದರು, ಬೆಳಿಗ್ಗೆ ಹತ್ತು ಗಂಟೆಗೆ, ಬೆಂಗಳೂರಿನಿಂದ, ಗಾಜಿನ ಕಿಟಕಿಯ ಬಸ್ಸುಗಳಲ್ಲಿ. ಸಂಜೆಯ ಪ್ರದರ್ಶನ ಮುಗಿದ ಕೂಡಲೇ ಅದೇ ಬಸ್ಸುಗಳಲ್ಲಿ ಬೆಂಗಳೂರಿಗೆ ಮರಳಿದರು. ಎಪ್ಪತ್ತು ಕಿಲೋಮೀಟರು. ನಮ್ಮ ಅರ್ಧ ಊರು ದಿನವೂ ರೈಲಿನಲ್ಲಿ ಅಲ್ಲಿಗೆ ಕೆಲಸಕ್ಕೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರುತ್ತದೆ. ಹೋದವರು ಹಿಂದಿರುಗುವ ದಾರಿಯಲ್ಲೇ ಬಂದವರೂ ಹಿಂದಿರುಗಬಹುದೆಂಬುದು ಆ ಮೂರು ತಿಂಗಳು ತುಮಕೂರಿನ ಒಬ್ಬ ಮನೆಮಾಲೀಕನಿಗೂ ಹೊಳೆಯಲಿಲ್ಲ. ಬಂಗಾಳದ ನಿರ್ದೇಶಕರು ಬಂದರೋ ಇಲ್ಲವೋ, ಅಂಥವರೊಬ್ಬರು ಇದ್ದರೋ ಇಲ್ಲವೋ, ಇಂದಿಗೂ ನನಗೆ ದಾಖಲೆ ಸಿಕ್ಕಿಲ್ಲ. ರುದ್ರೇಶಿಯನ್ನು ಕೇಳಿದರೆ, “ನಾನೂ ‘ಅಂತೆ’ ಅಂತಾನೇ ಹೇಳಿದ್ದಲ್ವಾ ಸಾರ್?” ಎಂದ. ವ್ಯಾಕರಣದ ದೃಷ್ಟಿಯಿಂದ ಅವನ ವಾದ ಪೂರ್ತಿ ಸರಿಯಾಗಿತ್ತು.

ಉತ್ಸವದ ನಾಲ್ಕನೆಯ ದಿನ ಕಮಲಕ್ಕ ಕುಣಿಗಲ್ಲಿನ ಬಸ್ಸಿನಿಂದ ಇಳಿದು ನೇರವಾಗಿ ನಮ್ಮ ಮನೆಗೆ ಬಂದಳು. ಒಂದು ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದರಲ್ಲಿ ಎಳನೀರಿನ ಗೊನೆ.

“ಏನ್ಲಾ, ಊರ್ ತುಂಬ ಹೀರೋಗಳು ಬಂದವ್ರಂತೆ, ಒಂದ್ ಮಾತು ಹೇಳ್ಬಾರ್ದಾ ನಂಗೆ? ಮೇಲ್ಮನೆ ಬೇರೆ ಖಾಲಿ ಮಡಗಿದ್ಯಂತೆ, ವಾರ ಇದ್ದು ಹೋಯ್ತೀನಿ” ಎಂದು, ಗೊನೆಯನ್ನು ಹೆಗಲಿಗೇರಿಸಿ, ಎರಡೆರಡು ಮೆಟ್ಟಿಲು ದಾಟಿ ಮಹಡಿ ಹತ್ತಿದಳು. ಆ ಮಂಡಿಗಳನ್ನು ನಾನು ಕೆಳಗಿನಿಂದ ನೋಡುತ್ತ ನಿಂತೆ.

ಮರುದಿನ, ಭಾನುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗೇಟು ಸದ್ದಾಯಿತು. ಸಿಸ್ಟರ್. ಕೈಯಲ್ಲಿ ಸ್ಟೀಲ್ ಡಬ್ಬಿ, ಚೀಲದಲ್ಲಿ ಗ್ಲೂಕೋಸ್ ಪೊಟ್ಟಣ. ಅಕ್ಕ ಅಂಗಳದಲ್ಲಿ ಸೆರಗು ಸಿಕ್ಕಿಸಿಕೊಂಡು ಮಚ್ಚಿನಿಂದ ಎಳನೀರು ಕೊಚ್ಚುತ್ತಿದ್ದಳು.

“ಸಾರ್, ಅಕ್ಕಾವ್ರು ಬಂದ್ರಂತೆ. ರಾಗಿ ಅಂಬ್ಲಿ ಮಾಡ್ಕಂಡ್ ಬಂದೆ, ಪಿತ್ತ ಇದ್ದೋರಿಗೆ ಎಣ್ಣೆ ಪದಾರ್ಥ ಆಗಲ್ಲ. ಮೇಲವ್ರಾ?”

“ಯಾವಕ್ಕ?” ಎಂದಳು ಕಮಲಕ್ಕ ಮಚ್ಚು ನಿಲ್ಲಿಸಿ. “ಕುಣಿಗಲ್ಲಕ್ಕ ನಾನೇ. ಯಾರಿಗೆ ಪಿತ್ತ? ನಂಗೇನಾಗಿದೆ ರೋಗ?”

ನಾನು ಜಗಲಿಯಲ್ಲಿ ನಿಂತಿದ್ದೆ. ಸಿಸ್ಟರ್ ಅಕ್ಕನನ್ನು ನೋಡಿದರು, ಮಚ್ಚನ್ನು ನೋಡಿದರು, ಹೊಸ ಸುಣ್ಣದ ಮಹಡಿಯನ್ನು ನೋಡಿದರು. ನನ್ನನ್ನು ಮಾತ್ರ ನೋಡಲಿಲ್ಲ. ನಕ್ಕರು.

“ಅಯ್ಯೋ, ನಂದೇ ತಪ್ಪು ಅಕ್ಕಾ. ಕ್ಲಿನಿಕ್ಕಲ್ಲಿ ಯಾರೋ ಅಂದ್ರು, ಸಾರ್ ಅಕ್ಕಂಗೆ ಹುಷಾರಿಲ್ವಂತೆ ಅಂತ. ಬೇರೆ ಯಾರ್ದೋ ಸುದ್ದಿ ಇರ್ಬೇಕು. ನೀವು ಕಲ್ಲುಗುಂಡಂಗೆ ಇದೀರ, ಹಿಂಗೇ ಇರಿ. ಅಂಬ್ಲಿ ಚೆನ್ನಾಗದೆ, ಸುಮ್ನೆ ಕುಡೀರಿ.”

“ಕೂತ್ಕೊಳವ್ವ, ಎಳ್ನೀರಾದ್ರೂ ಕುಡಿ” ಎಂದಳು ಅಕ್ಕ. “ಇಲ್ಲ, ಮಗಳು ಓದ್ತಾ ಅವ್ಳೆ, ಗಲಾಟೇಲಿ ಒಬ್ಳೇ ಆಯ್ತಾಳೆ” ಎಂದು ಸಿಸ್ಟರ್ ಹೊರಟರು. ನನ್ನ ಸುಳ್ಳಿಗೆ ಆಕೆ ತನ್ನದೊಂದು ಸುಳ್ಳನ್ನು ಸೇರಿಸಿ, ನನ್ನ ಮಾನವನ್ನು ನನ್ನ ಅಕ್ಕನ ಮುಂದೆ ಕಾಪಾಡಿ ಹೋದರು.

ಗೇಟು ಹಾಕಿದ ಮೇಲೆ ಕಮಲಕ್ಕ ನನ್ನ ಕಡೆ ತಿರುಗಿದಳು. “ನಿಜ ಹೇಳ್ಲಾ. ನಂಗೆ ಹುಷಾರಿಲ್ಲ ಅಂತ ನೀನೇ ಹೇಳಿದ್ಯಂತೆ?”

“ಯಾರೋ ಹೇಳಿರಬೇಕು ಅಕ್ಕ” ಎಂದೆ. ಅವಳು ಎಳನೀರನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಉತ್ಸವ ಮುಗಿದ ಮೇಲಿನ ಚರಿತ್ರೆಯನ್ನೂ ಹಲಗೆಗಳಿಂದಲೇ ಬರೆಯಬಹುದು. ಮೊದಲು ಹಳೆಯ ಹಲಗೆಗಳೆಲ್ಲ ಹೊಸ ಬಣ್ಣದಲ್ಲಿ ಮರಳಿದವು. ಏಪ್ರಿಲ್ಲಿನ ಹೊತ್ತಿಗೆ ‘ಕುಟುಂಬದವರಿಗೆ ಮಾತ್ರ’ ಎಂಬುದನ್ನು ಅಳಿಸಿದರು, ಜೂನಿನಲ್ಲಿ ‘ಸಸ್ಯಾಹಾರಿಗಳಿಗೆ’ ಎಂಬುದನ್ನು. ಗುಬ್ಬಿಯ ವ್ಯಾಪಾರಿಯ ಜೋಡಿ ಡೂಪ್ಲೆಕ್ಸಿನಲ್ಲಿ ಹೀರೋನ ಪಾಲಿನದು ತೆಂಗಿನಕಾಯಿ ಗೋದಾಮಾಯಿತು. ಪರಮಶಿವಯ್ಯನವರ ಸ್ನಾನದ ತೊಟ್ಟಿ ಮನೆಯ ಹಿಂಭಾಗಕ್ಕೆ ಹೋಗಿ, ನೀರು ಬರುವ ದಿನ ತುಂಬಿಸಿಡುವ ತೊಟ್ಟಿಯಾಯಿತು. ಬೀದಿಯವರೆಲ್ಲ ಅದರಿಂದ ಕೊಡ ತುಂಬಿಕೊಂಡದ್ದುಂಟು. ನಮ್ಮ ಮೇಲಿನ ಮನೆ ಒಂದು ವರ್ಷಕ್ಕೂ ಹೆಚ್ಚು ಕಾಲ ಖಾಲಿ ಬಿದ್ದಿತ್ತು. ಸಿಸ್ಟರನ್ನು ಮತ್ತೆ ಬನ್ನಿ ಎಂದು ಕರೆಯಬಹುದಾಗಿತ್ತು. ಕರೆಯಲು ಹೋಗಬೇಕಲ್ಲ, ಹೋದರೆ ಮುಖ ನೋಡಬೇಕಲ್ಲ. ಶಾಲೆಯಲ್ಲಿ ವಿಚಾರಿಸಿ ಬರೆದುಕೊಂಡಿದ್ದ ಕವಿತಾಳ ನೋಂದಣಿ ಸಂಖ್ಯೆ ನನ್ನ ದಿನಚರಿಯಲ್ಲಿತ್ತು. ಫಲಿತಾಂಶದ ದಿನ ಪತ್ರಿಕೆಯಲ್ಲಿ ಮೂರು ಸಲ ತಾಳೆ ನೋಡಿದೆ. ಪಾಸಾಗಿದ್ದಳು. ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಮುಂದಿನ ವರ್ಷ ಅವರು ಊರು ಬಿಟ್ಟರೆಂದು ಪಂಕ್ಚರ್ ಅಂಗಡಿಯವನು ಹೇಳಿದ.

ಇಷ್ಟು ವರ್ಷಗಳ ಮೇಲೆ, ಮೊನ್ನೆ ಮಂಗಳವಾರ, ಆ ಕೆಂಪು ಗೆರೆಯನ್ನು ನೋಡಿದಾಗ ನನಗೆ ತಿಳಿಯಿತು: ಪ್ರಯೋಗ ದೋಷ ಅಲ್ಲಿರಲಿಲ್ಲ. ಮಂಡಿಯೋ ಪಿತ್ತಕೋಶವೋ ತಿಳಿಯದೆ, ವೈದ್ಯರ ಹೆಸರು ತಿಳಿಯದೆ, ರೋಗಿಯನ್ನು ಕಾಣದೆ ತಾಯಿಮಗಳು ಆ ಮಾತನ್ನು ನಿಜವೆನ್ನಲಿಲ್ಲ, ಸುಳ್ಳೆಂದೂ ಅನ್ನಲಿಲ್ಲ. ನಾನು ಕಲಿಸಿದ ನ್ಯಾಯವನ್ನೇ ನನಗೆ ಅಳೆದು ಕೊಟ್ಟು, ಒಂದು ವೇಳೆ ನಿಜವಾಗಿದ್ದರೆ ಎಂದು ಟ್ಯಾಂಕು ತುಂಬಿಸಿ, ಅಂಬಲಿ ಕಾಯಿಸಿ ತಂದರು. ನನ್ನ ಅಷ್ಟೂ ವಿದ್ಯಾರ್ಥಿಗಳಲ್ಲಿ ಆ ಎರಡಕ್ಷರವನ್ನು ಅದರ ಪೂರ್ಣ ಅರ್ಥದಲ್ಲಿ ಬಳಸಿದವಳು ಅವಳೊಬ್ಬಳೇ. ಅದನ್ನೇ ನಾನು ತಪ್ಪೆಂದು ತಿದ್ದಿದ್ದೆ.

ಕುಣಿಗಲ್ಲಿಗೆ ಫೋನ್ ಮಾಡಿದೆ. ಕಮಲಕ್ಕನಿಗೆ ಈಗ ನಿಜವಾಗಿಯೂ ಮಂಡಿ ನೋವು.

“ಅಕ್ಕ, ಆವತ್ತು ನೀನು ಕೇಳಿದ್ದೆಯಲ್ಲ, ನಿನಗೆ ಹುಷಾರಿಲ್ಲ ಅಂತ ನಾನೇ ಹೇಳಿದೆನಂತೆ ಅಂತ.”

“ಯಾವತ್ತೋ?”

“ಎಳನೀರು ತಂದಿದ್ದೆಯಲ್ಲ, ಆವತ್ತು. ಅದು ಅಂತೆ ಅಲ್ಲ ಅಕ್ಕ. ನಾನೇ ಹೇಳಿದ್ದೆ.”

“ನಂಗೆ ಆವತ್ತೇ ಗೊತ್ತಾಯ್ತು ಕಣೋ. ನಿನ್ ಮುಖ ನೋಡಿದ್ರೆ ಸಾಕಾಗಿತ್ತು. ನಂಗ್ಯಾಕ್ ಹೇಳ್ತೀಯ ಈಗ? ಆ ಹೆಣ್ಮಗಳ ಮುಂದೆ ಹೋಗ್ ಹೇಳು. ಗುಬ್ಬೀಲಿ ಮನೆ ಕಟ್ಕಂಡವ್ಳಂತೆ. ಮಗಳು ಅಲ್ಲೇ ಇಸ್ಕೂಲ್ ಟೀಚರ್ ಅಂತೆ, ಚರಿತ್ರೆ ಪಾಠ ಮಾಡ್ತಾಳಂತೆ.”

ಈ ಮೂರು ‘ಅಂತೆ’ಗಳನ್ನು ಕಾಗದದ ಮೇಲೆ ಬರೆದುಕೊಂಡು ಕುಳಿತಿದ್ದೇನೆ. ಇವು ನನಗೆ ಹೊಸವಲ್ಲ. ಅಕ್ಕ ಹೇಳುವ ಮೊದಲೇ, ಎಷ್ಟೋ ವರ್ಷಗಳಿಂದ, ಅವರಿವರ ಬಾಯಲ್ಲಿ ಇವನ್ನೇ ಕೇಳಿದ್ದೇನೆ. ಒಂದು ಒಡೆದ ಶಾಸನದ ಅರ್ಧ ಸಾಲಿಗಾಗಿ ಮೂರು ಜಿಲ್ಲೆ ಸುತ್ತಿದ ನಾನು ಈ ಒಂದು ಸುದ್ದಿಯನ್ನು ಮಾತ್ರ ಖಚಿತಪಡಿಸಿಕೊಳ್ಳಲು ಹೋಗಲಿಲ್ಲ. ತುಮಕೂರಿನಿಂದ ಗುಬ್ಬಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಇದಕ್ಕೆ ಅಂತೆ ಬೇಕಿಲ್ಲ. ಹಾಗಲವಾಡಿಗೆ ಹೋಗುವಾಗಲೆಲ್ಲ ಆ ಊರನ್ನು ದಾಟಿಯೇ ಹೋಗಿದ್ದೇನೆ, ಪ್ರತಿ ಸಲವೂ ಕಿಟಕಿಯ ಪಕ್ಕದಲ್ಲೇ ಕುಳಿತು.